ದೈವಜ್ಞಾನವೂ ಮನುಷ್ಯನ ತಿಳಿವೂ

'ದೇವರ ಚಿತ್ತ' ಎಂಬ ಮಾತನ್ನು ಕೇಳುತ್ತ ಕೇಳುತ್ತಲೇ ನಾನು ಬೆಳೆದೆನು. ಅಂಗಳದ ಮಾವು ಹೂ ಬಿಡದಿದ್ದ ವರ್ಷ ನಮ್ಮ ಅಜ್ಜಿ ಅದನ್ನೇ ಹೇಳಿದಳು. ತಂದೆಯವರ ದೋಣಿಯ ಎಂಜಿನ್ನು ಕೆಟ್ಟಾಗಲೂ ಅದನ್ನೇ ಹೇಳಿದಳು. ನಾನು ಗಣಿತದಲ್ಲಿ ನಪಾಸಾದಾಗ ಮಾತ್ರ ಯಾರೂ ದೇವರನ್ನು ನಡುವೆ ತರಲಿಲ್ಲ. ಈ ವ್ಯತ್ಯಾಸದ ಅರ್ಥವೇನೆಂದು ಆಗ ನನಗೆ ಹೊಳೆಯಲಿಲ್ಲ. ಈಗ ಸ್ವಲ್ಪ ಹೊಳೆದಿದೆಯೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುವ ಧೈರ್ಯಮಾಡಿದ್ದೇನೆ. ವಿಷಯವು ದೊಡ್ಡದು, ಬರೆಯುವವನು ಚಿಕ್ಕವನು. ದೇವಶಾಸ್ತ್ರವನ್ನು ನಾನು ಕ್ರಮವಾಗಿ ಓದಿದವನಲ್ಲ, ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ, ಕ್ರೈಸ್ತ ಮನೆತನದವನು, ಅಷ್ಟೇ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ನನ್ನ ಊರು ಕಾಳಿಯ ದಂಡೆಯ ಕಡವಾಡ. ಕದ್ವಾಡವೆಂದು ಬರೆಯುವವರೂ ಇದ್ದಾರೆ. ಕಾರವಾರಕ್ಕೆ ಆ ಹೆಸರು ಬಂದದ್ದೇ ನಮ್ಮೂರಿನಿಂದ ಎಂದು ನಮ್ಮ ಹಿರಿಯರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಎರಡು ವರ್ಷಗಳ ಹಿಂದೆ, ಮಳೆ ನಿಂತ ಮೇಲೆ, ನೆರೆಮನೆಯ ಹುಡುಗನೊಬ್ಬನು ಇಳಿತದ ಹೊತ್ತಿನಲ್ಲಿ ಬಳಚು ಹೆಕ್ಕಲು ಹೊಳೆಗೆ ಇಳಿದನು. ಅವನು ನನಗಿಂತ ಎರಡು ವರ್ಷ ಚಿಕ್ಕವನು, ಚಿಕ್ಕಂದಿನಿಂದ ಅದೇ ಹೊಳೆಯಲ್ಲಿ ಈಸಿದವನು. ಮೊಣಕಾಲು ಮಟ್ಟದ ನೀರಿನಲ್ಲಿ ನಡೆಯುತ್ತಿದ್ದವನು ಒಮ್ಮೆಲೇ ಕಾಣದಾದನು. ಮರಳು ತೆಗೆದು ಬಿಟ್ಟ ಗುಂಡಿ ಅಲ್ಲಿತ್ತು. ಭರತ ಬಂದು ಇಳಿದ ಮೇಲೆ ಅವನ ದೇಹ ಸಿಕ್ಕಿತು.

ಮೂರನೆಯ ದಿನ ನಾನು ಆ ಮನೆಗೆ ಹೋದೆನು. ಅವನ ತಾಯಿಯನ್ನು ನಾವೆಲ್ಲ ಮಾವಶಿ ಎಂದೇ ಕರೆಯುತ್ತೇವೆ. ಏನಾದರೂ ಹೇಳಬೇಕಲ್ಲ ಎಂಬ ಸಂಕಟದಲ್ಲಿ, ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದನ್ನೇ ಹೇಳಿದೆನು: "ಮಾವಶಿ, ದೇವರ ಜ್ಞಾನ ದೊಡ್ಡದು. ಅದು ನಮ್ಮಂಥವರಿಗೆ ತಿಳಿಯುವಂಥದಲ್ಲ. ಇದರಲ್ಲಿಯೂ ಅವನು ಏನೋ ಒಳ್ಳೆಯದನ್ನೇ ಎಣಿಸಿರಬೇಕು."

ಆಕೆ ಅಳುತ್ತಿರಲಿಲ್ಲ. ನನ್ನ ಮುಖವನ್ನು ನೋಡಿ ಮೆಲ್ಲಗೆ ಕೇಳಿದಳು: "ಯಾರಿಗೂ ತಿಳಿಯುವುದಿಲ್ಲ ಅಂತೀಯಲ್ಲ ಪುತಾ, ಹಾಗಾದರೆ ಒಳ್ಳೆಯದಕ್ಕೇ ಅಂತ ನಿನಗೆ ಹೇಗೆ ತಿಳಿಯಿತು?"

ನಾನು ನಿರುತ್ತರನಾದೆನು. ತರ್ಕಶಾಸ್ತ್ರದ ಪಾಠವನ್ನು ಒಂದು ವರ್ಷ ಓದಿದವನಿಗೆ ಕಾಣದ ದೋಷವು, ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ಆ ಹೆಂಗಸಿಗೆ ದುಃಖದ ನಡುವೆಯೂ ಕಂಡಿತ್ತು. ದೇವರ ಜ್ಞಾನವು ನಮಗೆ ನಿಲುಕದು ಎಂದು ಒಂದೇ ಉಸಿರಿನಲ್ಲಿ ಹೇಳಿ, ಮರು ಉಸಿರಿನಲ್ಲಿ ಆ ಜ್ಞಾನದೊಳಗೆ ಏನಿದೆಯೆಂದು ವರದಿ ಒಪ್ಪಿಸಿದ್ದೆನು. ವಿನಯದ ಮಾತಿನಂತೆ ತೋರುವ ಆ ವಾಕ್ಯದಲ್ಲಿ ಎಂಥ ಅಹಂಕಾರವಿತ್ತು!

ಮನೆಗೆ ಬಂದವನೇ ನಾನು ಯೋಬನ ಗ್ರಂಥವನ್ನು ತೆರೆದೆನು. ನಮ್ಮ ಮನೆಯ ಪ್ರಾರ್ಥನೆಯೆಲ್ಲ ಕೊಂಕಣಿಯಲ್ಲಿ. ಬೈಬಲನ್ನು ನಾನು ಓದಿದ್ದು ಮಾತ್ರ ಕನ್ನಡದಲ್ಲಿ. ಯೋಬನೆಂದರೆ ತಾಳ್ಮೆಯ ಮೂರ್ತಿ, ಹುಣ್ಣುಗಳ ನಡುವೆ ಕುಳಿತು ದೇವರನ್ನು ಕೊಂಡಾಡಿದವನು ಎಂದಷ್ಟೇ ಕೇಳಿ ತಿಳಿದಿದ್ದೆನು. ಓದಿ ನೋಡಿದರೆ ಆ ತಾಳ್ಮೆಯು ಮೊದಲ ಎರಡು ಅಧ್ಯಾಯಗಳಲ್ಲಿಯೇ ಮುಗಿಯುತ್ತದೆ. ಮೂರನೆಯ ಅಧ್ಯಾಯದಿಂದ ಅವನು ತನ್ನ ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ದೇವರನ್ನು ನ್ಯಾಯಸ್ಥಾನಕ್ಕೆ ಕರೆಯುತ್ತಾನೆ. ತಾನು ಏನು ಮಾಡಿದೆನೆಂದು ತೋರಿಸು ಎಂದು ಹಟ ಹಿಡಿಯುತ್ತಾನೆ. ನಲವತ್ತೆರಡು ಅಧ್ಯಾಯಗಳ ಗ್ರಂಥದಲ್ಲಿ ಬಹುಭಾಗವು ಈ ಜಗಳವೇ.

ಅವನ ಮೂವರು ಸ್ನೇಹಿತರು ಎಲೀಫಜ, ಬಿಲ್ದದ, ಚೋಫರ. ಅವರು ಕೆಟ್ಟವರಲ್ಲ. ದೂರದಿಂದ ನಡೆದು ಬಂದರು, ಬಟ್ಟೆ ಹರಿದುಕೊಂಡು ಅತ್ತರು, ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಇಡೀ ಗ್ರಂಥದಲ್ಲಿ ಅವರು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಇದೇ ಎಂದು ನನ್ನ ಅಭಿಪ್ರಾಯ. ಎಂಟನೆಯ ದಿನದಿಂದ ಅವರು ಬಾಯಿ ತೆರೆದರು. ತೆರೆದ ಮೇಲೆ ಮುಚ್ಚಲಿಲ್ಲ. ದೇವರು ನ್ಯಾಯವಂತನು, ಆದ್ದರಿಂದ ನೀನು ಎಲ್ಲೋ ತಪ್ಪಿರಬೇಕು. ದೇವರ ಆಳವನ್ನು ನೀನು ಅಳೆಯಬಲ್ಲೆಯಾ, ಆದ್ದರಿಂದ ಸುಮ್ಮನಿರು. ಇದು ಶಿಕ್ಷೆಯಲ್ಲ ಶಿಕ್ಷಣ, ಆದ್ದರಿಂದ ಸಂತೋಷಪಡು. ಅವರ ಮಾತುಗಳನ್ನು ಬಿಡಿಬಿಡಿಯಾಗಿ ತೆಗೆದು ನೋಡಿದರೆ ಸುಳ್ಳೆನ್ನುವಂತಿಲ್ಲ. ಇಗರ್ಜಿಯ ಗೋಡೆಯ ಮೇಲೆ ಬರೆಯಿಸಬಹುದಾದಷ್ಟು ಚೆನ್ನಾಗಿವೆ. ದೇವರ ಜ್ಞಾನವು ಆಕಾಶಕ್ಕಿಂತ ಎತ್ತರ, ಪಾತಾಳಕ್ಕಿಂತ ಆಳ ಎಂಬ ಅರ್ಥದ ಮಾತನ್ನು ಚೋಫರನೇ ಆಡುತ್ತಾನೆ. ಅದನ್ನು ಓದುವಾಗ ನನಗೆ ನನ್ನ ಧ್ವನಿಯೇ ಕೇಳಿಸಿತು.

ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಇಲ್ಲಿ ನಮ್ಮ ನಿರೀಕ್ಷೆಯೆಲ್ಲ ತಲೆಕೆಳಗಾಗುತ್ತದೆ. ಯೋಬನು ಕೇಳಿದ್ದು ತನ್ನ ಸತ್ತ ಮಕ್ಕಳ ವಿಷಯ, ತನ್ನ ಹುಣ್ಣುಗಳ ವಿಷಯ. ದೇವರು ಅದರ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಬದಲಿಗೆ ಪ್ರಶ್ನೆಯ ಮೇಲೆ ಪ್ರಶ್ನೆ: ಭೂಮಿಗೆ ಅಸ್ತಿವಾರ ಹಾಕಿದಾಗ ನೀನು ಎಲ್ಲಿದ್ದೆ? ಸಮುದ್ರಕ್ಕೆ ಬಾಗಿಲಿಟ್ಟವರು ಯಾರು? ಹಿಮದ ಉಗ್ರಾಣವನ್ನು ನೋಡಿದ್ದೀಯಾ? ಬೆಟ್ಟದ ಕಾಡುಮೇಕೆ ಈಯುವ ಹೊತ್ತು ಗೊತ್ತೇ? ಇವುಗಳ ನಡುವೆ ಒಂದು ಪ್ರಶ್ನೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಮನುಷ್ಯರೇ ಇಲ್ಲದ ಮರುಭೂಮಿಯ ಮೇಲೆ ಮಳೆ ಸುರಿಸಿ ಹುಲ್ಲು ಚಿಗುರಿಸುವವರು ಯಾರೆಂದು ಕೇಳುತ್ತಾನೆ. ಯಾರಿಗೂ ಉಪಯೋಗವಿಲ್ಲದ ಮಳೆ! ಜಗತ್ತೆಲ್ಲವೂ ನಮ್ಮ ಹೊಲದ ಲೆಕ್ಕಕ್ಕಾಗಿ ನಡೆಯುತ್ತದೆಂದು ನಾವು ತಿಳಿದಿದ್ದೇವೆ. ಹಾಗಲ್ಲವೆಂಬುದೇ ಅಲ್ಲಿಯ ಉತ್ತರವಿರಬಹುದು.

ಇನ್ನೂ ಒಂದು ಸಂಗತಿ. ಓದುಗರಾದ ನಮಗೆ ಮೊದಲನೆಯ ಅಧ್ಯಾಯದಲ್ಲಿಯೇ ಕಾರಣವು ತಿಳಿದಿರುತ್ತದೆ. ಸೈತಾನನು ಪಂಥ ಹೂಡಿದ್ದನ್ನು ನಾವು ಬಲ್ಲೆವು. ಯೋಬನಿಗೆ ಅದನ್ನು ಕೊನೆಯವರೆಗೂ ಯಾರೂ ಹೇಳುವುದಿಲ್ಲ. ಕಾರಣ ತಿಳಿಯದೆಯೇ ಅವನು ಸಮಾಧಾನ ಹೊಂದುತ್ತಾನೆ. ಅವನಿಗೆ ದೊರೆತದ್ದು ವಿವರಣೆಯಲ್ಲ, ದರ್ಶನ.

ತೀರ್ಪಿನ ಮಾತನ್ನು ಎಷ್ಟು ಜನ ಗಮನಿಸಿದ್ದಾರೋ ಕಾಣೆ. ದೇವರು ಎಲೀಫಜನ ಕಡೆ ತಿರುಗಿ, ನಿನ್ನ ಮೇಲೆಯೂ ನಿನ್ನ ಇಬ್ಬರು ಸ್ನೇಹಿತರ ಮೇಲೆಯೂ ನನಗೆ ಸಿಟ್ಟು ಬಂದಿದೆ, ನನ್ನ ವಿಷಯದಲ್ಲಿ ಯೋಬನು ಆಡಿದಂತೆ ನೀವು ಸರಿಯಾದದ್ದನ್ನು ಆಡಲಿಲ್ಲ ಎನ್ನುತ್ತಾನೆ. ಜಗಳವಾಡಿದವನು ಸರಿ, ದೇವರ ಪಕ್ಷ ವಹಿಸಿ ವಕೀಲಿ ಮಾಡಿದವರು ತಪ್ಪು! ಅವರಿಗೆ ಕ್ಷಮೆ ಬೇಕಾದರೆ ಯೋಬನೇ ಅವರಿಗಾಗಿ ಪ್ರಾರ್ಥಿಸಬೇಕು. ನಡುವೆ ಬಂದು ಆರು ಅಧ್ಯಾಯ ಉಪನ್ಯಾಸ ಕೊಟ್ಟ ಎಲೀಹು ಎಂಬ ತರುಣನ ಹೆಸರನ್ನಂತೂ ದೇವರು ಎತ್ತುವುದೇ ಇಲ್ಲ. ತರುಣರಾದ ನಾವು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

(ಒಂದು ಮಾತನ್ನು ಮುಚ್ಚಿಡಲಾರೆ. ಕೊನೆಯಲ್ಲಿ ಯೋಬನ ಕುರಿ, ಒಂಟೆಗಳೆಲ್ಲ ಇಮ್ಮಡಿಯಾಗಿ ಮರಳುತ್ತವೆ. ಮಕ್ಕಳೂ ಮೊದಲಿನಂತೆ ಏಳು ಗಂಡು ಮೂರು ಹೆಣ್ಣು ಹುಟ್ಟುತ್ತವೆ. ಆದರೆ ಸತ್ತ ಹತ್ತು ಮಕ್ಕಳು ಸತ್ತವರೇ. ಈ ಅಧ್ಯಾಯವು ನನಗೆ ಇನ್ನೂ ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲ. ಮಾವಶಿಗೆ ಇದನ್ನು ಓದಿಹೇಳುವ ಧೈರ್ಯವೂ ನನಗಿಲ್ಲ.)

ದೇವರ ಜ್ಞಾನ ದೊಡ್ಡದು, ಮನುಷ್ಯನ ತಿಳಿವು ಚಿಕ್ಕದು ಎಂಬ ತತ್ತ್ವವನ್ನು ನಾನು ಅಲ್ಲಗಳೆಯುತ್ತಿಲ್ಲ. ಅದು ಕ್ರೈಸ್ತ ವಿಶ್ವಾಸದ ಕಂಬಗಳಲ್ಲಿ ಒಂದು. ಪ್ರವಾದಿ ಯೆಶಾಯನು ಅದನ್ನು ಹೇಳಿದನು. ಸಂತ ಪೌಲನು, ಈಗ ನಮಗೆ ಕಾಣುವುದು ಕನ್ನಡಿಯೊಳಗಿನ ಮಬ್ಬು ಬಿಂಬದಂತೆ ಎಂದು ಕೊರಿಂಥದವರಿಗೆ ಬರೆದನು. ಸಂತ ಆಗುಸ್ತೀನನ ಕುರಿತು ಒಂದು ದಂತಕಥೆಯೂ ಇದೆ. ಅವನು ತ್ರಿಯೇಕ ದೇವರ ರಹಸ್ಯವನ್ನು ಚಿಂತಿಸುತ್ತ ಕಡಲದಂಡೆಯಲ್ಲಿ ನಡೆಯುವಾಗ, ಹುಡುಗನೊಬ್ಬನು ಮರಳಿನ ಕುಳಿಗೆ ಸಮುದ್ರವನ್ನು ತುಂಬಿಸುತ್ತಿದ್ದನಂತೆ. ಕಾರವಾರದ ಕಡಲತಡಿಯಲ್ಲಿ ಆಡಿ ಬೆಳೆದವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗಮನಿಸಿರಿ: ಆ ಕಥೆಯಲ್ಲಿ ಬುದ್ಧಿ ಹೇಳಿಸಿಕೊಂಡವನು ಮಹಾಪಂಡಿತನು, ಮಗನನ್ನು ಕಳೆದುಕೊಂಡ ತಾಯಿಯಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ. ಈ ತತ್ತ್ವವು ಮೊದಲು ಮುಚ್ಚಿಸಬೇಕಾದದ್ದು ವಿವರಿಸುವವನ ಬಾಯಿಯನ್ನು, ಅಳುವವನ ಬಾಯಿಯನ್ನಲ್ಲ. ನಾವು ಅದನ್ನು ತಿರುಗುಮುರುಗಾಗಿ ಬಳಸುತ್ತಿದ್ದೇವೆ.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ನಮ್ಮ ಜಿಲ್ಲೆಯವರಿಗೆ ಇದು ಜೀವದ ಪ್ರಶ್ನೆ. 2019ನೆಯ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಾರವಾರದ ಕಡಲಿನಲ್ಲಿ ಮಗುಚಿತು. 16 ಜನ ಸತ್ತರು. ಅದೇ ವರ್ಷ ಆಗಸ್ಟಿನಲ್ಲಿ ಕದ್ರಾ ಆಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿಯ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. 2024ನೆಯ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿ ಹೊಳೆಗೆ ತಳ್ಳಿತು. ಕೇರಳದ ಒಬ್ಬ ಚಾಲಕನ ಲಾರಿಯು ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, ಎರಡು ತಿಂಗಳಿಗೂ ಮೀರಿದ ಮೇಲೆ. ಈ ಒಂದೊಂದು ಸಲವೂ ಚಹದಂಗಡಿಗಳಲ್ಲಿ, ಬಸ್ಸುಗಳಲ್ಲಿ, ಎಲ್ಲ ಮತದವರ ಬಾಯಲ್ಲಿಯೂ ಒಂದೇ ಮಾತು: ದೇವರ ಇಚ್ಛೆ, ಹಣೆಯ ಬರಹ, ನಮಗೇನು ತಿಳಿಯುತ್ತದೆ. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರೆಂಬುದೂ ಜೀವರಕ್ಷಕ ಜಾಕೀಟುಗಳಿರಲಿಲ್ಲವೆಂಬುದೂ ದೇವರ ರಹಸ್ಯವೇ? ಗುಡ್ಡದ ಬುಡವನ್ನು ಹೆದ್ದಾರಿಗಾಗಿ ನೆಟ್ಟಗೆ ಕಡಿದದ್ದನ್ನು ನೋಡಲು ದಿವ್ಯಜ್ಞಾನ ಬೇಕಾಗಿರಲಿಲ್ಲ. ಎರಡು ಕಣ್ಣು ಸಾಕಾಗಿತ್ತು.

ಇಂಥದೇ ಪ್ರಸಂಗವೊಂದು ಲೂಕನ ಸುವಾರ್ತೆಯಲ್ಲಿದೆ. ಯೆರೂಸಲೇಮಿನಲ್ಲಿ ಸಿಲೋವದ ಗೋಪುರವು ಕುಸಿದುಬಿದ್ದು 18 ಜನ ಸತ್ತಿದ್ದರು. ಆ ಊರಿನ ಚಹದಂಗಡಿಗಳಲ್ಲಿಯೂ (ಚಹವಿಲ್ಲದಿದ್ದರೂ ಅಂಗಡಿಗಳಿದ್ದುವಲ್ಲ) ಇದೇ ಚರ್ಚೆ ನಡೆದಿರಬೇಕು. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿದಿರೋ ಎಂದು ಕ್ರಿಸ್ತನು ಕೇಳುತ್ತಾನೆ. ಹಾಗಲ್ಲವೆಂದು ತಾನೇ ಹೇಳುತ್ತಾನೆ. ಏಕೆ ಸತ್ತರೆಂಬುದಕ್ಕೆ ಬೇರೆ ಕಾರಣವನ್ನೂ ಕೊಡುವುದಿಲ್ಲ. ಕೂಡಲೆ ಬದುಕಿರುವವರ ಕಡೆ ತಿರುಗಿ, ನೀವು ಬದಲಾಗಿರಿ ಎನ್ನುತ್ತಾನೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು, ಇದು ಯಾರ ಪಾಪ, ಇವನದೋ ತಂದೆತಾಯಿಯದೋ ಎಂದು ಕೇಳಿದಾಗಲೂ ಇವನದೂ ಅಲ್ಲ, ಅವರದೂ ಅಲ್ಲ ಎಂದು ಹೇಳಿ, ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚುವ ಕೆಲಸಕ್ಕೆ ತೊಡಗುತ್ತಾನೆ.

ಯೋಬನ ಗ್ರಂಥದ 28ನೆಯ ಅಧ್ಯಾಯವನ್ನು ನಮ್ಮ ಜಿಲ್ಲೆಯವರು ಓದಲೇಬೇಕು. ಅಲ್ಲಿ ಮನುಷ್ಯನ ಜಾಣ್ಮೆಯ ವರ್ಣನೆಯಿದೆ. ಅವನು ಕತ್ತಲೆಯೊಳಗೆ ದೀಪ ಹಿಡಿದು ಇಳಿದು ಬೆಳ್ಳಿ, ಬಂಗಾರ, ಕಬ್ಬಿಣ, ತಾಮ್ರಗಳನ್ನು ತೆಗೆಯುತ್ತಾನೆ. ಬೆಟ್ಟಗಳನ್ನು ಬುಡಸಹಿತ ಕೆಡವುತ್ತಾನೆ. ಬಂಡೆಯಲ್ಲಿ ಕಾಲುವೆ ಕೊರೆಯುತ್ತಾನೆ. ಹೊಳೆಗಳಿಗೆ ಕಟ್ಟೆ ಹಾಕುತ್ತಾನೆ. ಕಾಳಿಗೆ ಸೂಪಾದಿಂದ ಕದ್ರಾದವರೆಗೆ ಆಣೆಕಟ್ಟು ಕಟ್ಟಿ, ಕೈಗಾದಲ್ಲಿ ಅಣುವನ್ನು ಒಡೆದು ವಿದ್ಯುತ್ತು ತೆಗೆದವರಿಗೆ ಇದು ಅಪರಿಚಿತವೆನಿಸದು. ಆದರೆ ಜ್ಞಾನವು ಎಲ್ಲಿ ಸಿಕ್ಕುತ್ತದೆ ಎಂದು ಆ ಕವಿ ಕೇಳುತ್ತಾನೆ. ಆಳವು ನನ್ನಲ್ಲಿಲ್ಲವೆನ್ನುತ್ತದೆ, ಸಮುದ್ರವು ನನ್ನಲ್ಲಿಲ್ಲವೆನ್ನುತ್ತದೆ. ಕೊನೆಗೆ ಸಿಕ್ಕುವ ಉತ್ತರ ತೀರ ಸರಳವಾದದ್ದು: ದೇವರ ಭಯ, ಕೆಟ್ಟದ್ದರಿಂದ ದೂರವಾಗುವುದು. ಅಂದರೆ ಮನುಷ್ಯನ ಪಾಲಿಗೆ ಬಂದ ಜ್ಞಾನವು ಲೋಕದ ನಕ್ಷೆಯಲ್ಲ, ನಡತೆ. ಆ ನಡತೆಯು ದೋಣಿಗೆ ಎಷ್ಟು ಜನರನ್ನು ಹತ್ತಿಸಬೇಕೆಂಬುದನ್ನೂ, ಮರಳಿನ ಗುಂಡಿಯನ್ನು ಹಾಗೆಯೇ ಬಿಟ್ಟುಹೋಗಬಹುದೇ ಎಂಬುದನ್ನೂ ಒಳಗೊಂಡಿರಬೇಕು. 'ದೇವರ ಚಿತ್ತ' ಎಂದು ಹೇಳಿ ನಾವು ಮುಚ್ಚುತ್ತಿರುವುದು ಬಹಳ ಸಲ ಮನುಷ್ಯರ ಚಿತ್ತವನ್ನು. ಗಣಿತದ ನಪಾಸಿಗೆ ನಮ್ಮ ಅಜ್ಜಿ ದೇವರನ್ನು ಕರೆಯದಿದ್ದುದರ ಗುಟ್ಟು ಇದೇ. ಹುಡುಗ ಓದಿಲ್ಲವೆಂಬುದು ಅವಳಿಗೆ ಗೊತ್ತಿತ್ತು.

ಹಾಗಾದರೆ 'ದೇವರ ಯೋಜನೆ' ಎಂಬ ಮಾತನ್ನು ಆಡಲೇಬಾರದೋ ಎಂದು ಕೇಳಬಹುದು. ಆಡಬಹುದು, ಆದರೆ ತನ್ನ ಜೀವನದ ಬಗ್ಗೆ, ಅದೂ ಬಹಳ ಕಾಲ ಕಳೆದ ಮೇಲೆ, ಹಿಂದಿರುಗಿ ನೋಡಿ. ಸಂತ ಜೋಸೆಫ್ ವಾಜರ ಜೀವನವು ಇದಕ್ಕೆ ನಿದರ್ಶನ. ಅವರು 1651ರಲ್ಲಿ ಗೋವೆಯ ಬೆಣವಲಿಯಲ್ಲಿ ಹುಟ್ಟಿದವರು. ಸಿಂಹಳದಲ್ಲಿ ಡಚ್ಚರ ಆಳಿಕೆಯಲ್ಲಿ ಕಥೋಲಿಕರು ಪಾದ್ರಿಗಳಿಲ್ಲದೆ ಇದ್ದಾರೆಂದು ಕೇಳಿ ಅಲ್ಲಿಗೆ ಹೋಗಬೇಕೆಂದು ಹಂಬಲಿಸಿದರು. ಮೇಲಿನವರು ಅವರನ್ನು 1681ರಲ್ಲಿ ಕಳುಹಿಸಿದ್ದು ಕನ್ನಡ ಕರಾವಳಿಗೆ. ಇಲ್ಲಿ ಅಧಿಕಾರಕ್ಕಾಗಿ ಇಗರ್ಜಿಯೊಳಗೇ ಎರಡು ಪಕ್ಷಗಳ ಜಗಳ. ಬೇಡವೆಂದದ್ದು ಬಂತು, ಬೇಕೆಂದದ್ದು ಸಿಕ್ಕಲಿಲ್ಲ. ಮೂರು ವರ್ಷ ಈ ಜಗಳದ ನಡುವೆ ಊರೂರು ಅಲೆದು ಕೆಲಸ ಮಾಡಿದರು. ಕೊನೆಗೆ ಸಿಂಹಳವನ್ನು ಸೇರಿದ್ದು 1687ರಲ್ಲಿ, ಕೂಲಿಯವನ ವೇಷದಲ್ಲಿ. ಕ್ಯಾಂಡಿಯಲ್ಲಿ 1711ರಲ್ಲಿ ತೀರಿಕೊಂಡರು, ಮತ್ತೆ ಗೋವೆಯನ್ನು ಕಾಣಲಿಲ್ಲ. 2015ರಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಕನ್ನಡ ಕರಾವಳಿಯ ಆ ವರ್ಷಗಳು ಸಿಂಹಳದ ಕಷ್ಟಕ್ಕೆ ತಾಲೀಮಾದುವು ಎಂದು ಈಗ ನಾವು ಸುಲಭವಾಗಿ ಹೇಳುತ್ತೇವೆ. 1681ರಲ್ಲಿ ಅದನ್ನು ಯಾರು ಹೇಳಬಲ್ಲವರಾಗಿದ್ದರು? ಅವರೂ ಹೇಳಲಾರದವರಾಗಿ, ಸುಮ್ಮನೆ ನಡೆದರು. ಹೀಗೆ ತನ್ನ ಕಾಲಿನಲ್ಲಿ ನಡೆದು ಒಪ್ಪಿಕೊಂಡದ್ದು ವಿಶ್ವಾಸ. ಇನ್ನೊಬ್ಬರ ಗಾಯದ ಮೇಲೆ ಹೊರಿಸಿದ್ದು ವಿಶ್ವಾಸವಲ್ಲ.

ಕ್ರೈಸ್ತರಲ್ಲದ ಮಿತ್ರರಿಗಾಗಿ ಇನ್ನೊಂದು ಮಾತು. 1883ರಲ್ಲಿ, ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಕೂರರು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ತಂಗಿದ್ದರು. ಒಂದು ಬೆಳದಿಂಗಳ ರಾತ್ರಿ ಇದೇ ಕಾಳಿಯಲ್ಲಿ ದೋಣಿ ಹತ್ತಿ ತಿರುಗಿದರು. ಇಲ್ಲಿಯೇ ಬರೆದ 'ಪ್ರಕೃತಿರ ಪ್ರತಿಶೋಧ' ಎಂಬ ನಾಟಕದಲ್ಲಿ ಸನ್ಯಾಸಿಯೊಬ್ಬನು ಅನಂತವನ್ನು ಹಿಡಿಯಲು ಲೋಕವನ್ನೇ ಬಿಡುತ್ತಾನೆ. ಒಬ್ಬ ಅನಾಥ ಹುಡುಗಿಯ ಮಮತೆಯು ಅವನನ್ನು ಮರಳಿ ಎಳೆಯುತ್ತದೆ. ಸೀಮಿತದಲ್ಲಿಯೇ ಅಸೀಮವಿದೆಯೆಂಬ ಆ ಕಾಣ್ಕೆಯು ನಮ್ಮ ವಿಶ್ವಾಸಕ್ಕೆ ದೂರದ್ದಲ್ಲ. ನಾವು ನಂಬುವ ದೈವಜ್ಞಾನವು ಮೇಲೆ ಕುಳಿತು ವಿವರಣೆ ಕೊಡಲಿಲ್ಲ. ಮನುಷ್ಯನಾಗಿ ಬಂದಿತು, ಸ್ನೇಹಿತನ ಗೋರಿಯ ಮುಂದೆ ಅತ್ತಿತು, ಕ್ರೂಜೆಯ ಮೇಲೆ ತಾನೂ 'ಏಕೆ' ಎಂದು ಕೂಗಿತು. ಆ ಕೂಗಿಗೆ ಆಗ ಮೇಲಿನಿಂದ ಯಾವ ಮಾತೂ ಬರಲಿಲ್ಲವೆಂಬುದನ್ನು ಸುವಾರ್ತೆಯು ಮುಚ್ಚಿಡುವುದಿಲ್ಲ.

ಏಳನೆಯ ದಿನದ ಪೂಜೆ ಮುಗಿದ ಮೇಲೆ ನಾನು ಮತ್ತೆ ಮಾವಶಿಯ ಮನೆಗೆ ಹೋಗಿ, ಈ ಸಲ ಏನೂ ಹೇಳದೆ ಜಗಲಿಯ ಮೇಲೆ ಕುಳಿತೆನು. ಬಹಳ ಹೊತ್ತಾದ ಮೇಲೆ ಆಕೆಯೇ, "ಆ ಗುಂಡಿ ಅಲ್ಲೇ ಇದೆಯಲ್ಲ ಪುತಾ, ನಾಳೆ ಇನ್ನೊಬ್ಬರ ಹುಡುಗ ಇಳಿಯುತ್ತಾನಲ್ಲ" ಎಂದಳು. ಅವಳ ಹೆಬ್ಬೆಟ್ಟಿನ ಗುರುತಿನೊಡನೆ ಒಂದು ಅರ್ಜಿಯನ್ನು ನಾನೇ ಬರೆದು ಕೊಟ್ಟೆನು. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಅಷ್ಟರಲ್ಲಿ ಕೇರಿಯ ಹುಡುಗರು ನಾಲ್ವರು ಸೇರಿ, ಇಳಿತದ ಹೊತ್ತು ನೋಡಿಕೊಂಡು, ಹಗ್ಗಕ್ಕೆ ಕಲ್ಲು ಕಟ್ಟಿ ಆಳ ಅಳೆದು, ಗುಂಡಿಗಳ ಸುತ್ತ ಬಿದಿರಿನ ಗಳು ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದೇವೆ. ಬಟ್ಟೆಯನ್ನು ಮಾವಶಿಯೇ ಹರಿದುಕೊಟ್ಟಳು. ಮೊನ್ನೆ ಹುಣ್ಣಿಮೆಯ ಭರತಕ್ಕೆ ಎರಡು ಗಳುಗಳು ಕಿತ್ತುಹೋಗಿವೆ. ಬರುವ ಭಾನುವಾರ ಪೂಜೆ ಮುಗಿಸಿಕೊಂಡು ಹೋಗಿ ಹೊಸವನ್ನು ನೆಡಬೇಕು.